ವಿದ್ಯೆ, ಯಂತ್ರ ಮತ್ತು ತಪ್ಪರಿಯುವ ವಿವೇಕ

ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ನಾಲ್ಕು ದಾನಗಳಲ್ಲಿ ಶಾಸ್ತ್ರದಾನವು ಒಂದು ವಿಷಯದಲ್ಲಿ ಉಳಿದವುಗಳಿಗಿಂತ ಭಿನ್ನವಾದುದು. ಹಸಿದವನಿಗೆ ನೀಡಿದ ಅನ್ನ ಅವನ ಹೊಟ್ಟೆ ಸೇರಿದುದು ನೀಡಿದವನ ಕಣ್ಣಿಗೇ ಕಾಣುತ್ತದೆ. ರೋಗಿಗೆ ಕೊಟ್ಟ ಔಷಧದ ಫಲ ನಾಲ್ಕು ದಿನಗಳಲ್ಲಿ ತಿಳಿಯುತ್ತದೆ. ವಿದ್ಯೆಯ ವಿಷಯ ಹಾಗಲ್ಲ. ಪುಸ್ತಕ ಹಂಚಿದೆವು, ಶಾಲೆಗೆ ಕೊಠಡಿ ಕಟ್ಟಿಸಿದೆವು, ಈಗಿನ ಕಾಲಕ್ಕೆ ತಕ್ಕಂತೆ ಕಂಪ್ಯೂಟರನ್ನೋ ಮೊಬೈಲನ್ನೋ ಕೊಟ್ಟೆವು. ಹೀಗೆ ಕೊಟ್ಟದ್ದು ಮಗುವಿನೊಳಗೆ ವಿದ್ಯೆಯಾಗಿ ಪರಿಣಮಿಸಿತೇ ಎಂಬುದನ್ನು ಕೊಟ್ಟವರು ಸಾಮಾನ್ಯವಾಗಿ ವಿಚಾರಿಸುವುದಿಲ್ಲ. ನಾನೂ ವಿಚಾರಿಸಿರಲಿಲ್ಲ. ಈ ಲೇಖನಕ್ಕೆ ನನ್ನ ಆ ಲೋಪವೇ ಪ್ರೇರಣೆ.

ಬೆಂಗಳೂರಿನ ಲಾಲ್‌ಬಾಗಿನ ಮಗ್ಗುಲಲ್ಲಿರುವ ಸಿದ್ದಾಪುರದಲ್ಲಿ ನನ್ನದೊಂದು ಲೇಖನ ಸಾಮಗ್ರಿಗಳ ಅಂಗಡಿ. ಸುತ್ತಮುತ್ತ ಹೂವಿನ ಗಿಡಗಳನ್ನೂ ಹಣ್ಣಿನ ಸಸಿಗಳನ್ನೂ ಬೆಳೆಸಿ ಮಾರುವ ನರ್ಸರಿಗಳಿವೆ. ಶಾಲೆಯ ಮಕ್ಕಳು ಏನನ್ನು ಕೊಳ್ಳುತ್ತಾರೆಂಬುದನ್ನು ದಶಕಗಳಿಂದ ನೋಡುತ್ತ ಬಂದವನಿಗೆ ಕಲಿಕೆಯ ಕ್ರಮದಲ್ಲಿ ಆಗುವ ಬದಲಾವಣೆ ಮಾರಾಟದಲ್ಲಿಯೇ ಗೋಚರಿಸುತ್ತದೆ. ಸ್ಲೇಟು, ಬಳಪ ಕೇಳುವವರು ವಿರಳರಾದರು. ಮಗ್ಗಿ ಪುಸ್ತಕ ಹಿಂದಿನ ಕಪಾಟಿಗೆ ಸರಿಯಿತು. ಮಕ್ಕಳು ಕೈಯಿಂದ ಬರೆಯುತ್ತಿದ್ದ ಭೂಪಟ, ಚಿತ್ರಪಟಗಳ ಬದಲು, ಅಂತರ್ಜಾಲದಿಂದ ಚಿತ್ರ ತೆಗೆದು ಮುದ್ರಿಸಿಕೊಡಿರೆಂದು ತಾಯಂದಿರು ಕೇಳತೊಡಗಿದರು. ಇವೆಲ್ಲವೂ ಮೆಲ್ಲಮೆಲ್ಲಗೆ ಆದ ಬದಲಾವಣೆಗಳು. 2020ರಲ್ಲಿ ಆದುದು ಮಾತ್ರ ಒಮ್ಮೆಗೇ ಆಯಿತು.

ಆ ವರ್ಷದ ಮಾರ್ಚಿಯಲ್ಲಿ ಕೊರೋನಾ ಕಾರಣದಿಂದ ಮುಚ್ಚಿದ ಶಾಲೆಗಳು ನಮ್ಮ ರಾಜ್ಯದ ಒಂದರಿಂದ ಐದನೆಯ ತರಗತಿಯ ಮಕ್ಕಳಿಗೆ ಮತ್ತೆ ತೆರೆದದ್ದು 2021ರ ಅಕ್ಟೋಬರ್ 25ರಂದು. ಪಾಠ ಮೊಬೈಲಿಗೆ ಸ್ಥಳಾಂತರಗೊಂಡಿತು. ಚಿಕ್ಕ ಮಕ್ಕಳಿಗೆ ಇದು ಹಿತವೇ ಎಂಬ ಪ್ರಶ್ನೆ ಆಗಲೇ ಎದ್ದಿತು. 2020ರ ಜೂನಿನಲ್ಲಿ ರಾಜ್ಯ ಸರ್ಕಾರವು ಐದನೆಯ ತರಗತಿಯವರೆಗೆ ಆನ್‌ಲೈನ್ ಪಾಠವನ್ನು ನಿಲ್ಲಿಸಿತು. ಜುಲೈ 8ರಂದು ಉಚ್ಚ ನ್ಯಾಯಾಲಯವು ಆ ಆದೇಶಕ್ಕೆ ತಡೆ ನೀಡಿತು. ದೂರದರ್ಶನದ ಚಂದನ ವಾಹಿನಿಯಲ್ಲಿ 'ಸಂವೇದ' ಪಾಠಗಳು ಬಂದವು. ಆಗಸ್ಟಿನಲ್ಲಿ 'ವಿದ್ಯಾಗಮ' ಯೋಜನೆಯ ಮೂಲಕ ಸರ್ಕಾರಿ ಶಾಲೆಯ ಶಿಕ್ಷಕರು ತಾವೇ ಮಕ್ಕಳಿದ್ದಲ್ಲಿಗೆ ಹೋಗಿ, ಗುಡಿಯ ಜಗಲಿಗಳಲ್ಲಿ, ಮರದ ನೆರಳುಗಳಲ್ಲಿ ಪಾಠ ಹೇಳಿದರು. ಸೋಂಕಿನ ಭಯದಿಂದ ಅಕ್ಟೋಬರಿನಲ್ಲಿ ಅದನ್ನೂ ನಿಲ್ಲಿಸಬೇಕಾಯಿತು. ಸರ್ಕಾರ, ನ್ಯಾಯಾಲಯ, ಶಿಕ್ಷಕರು ಎಲ್ಲರೂ ಒಂದೇ ಪ್ರಶ್ನೆಯ ಮುಂದೆ ತಡವರಿಸಿದ ಕಾಲವದು: ಕಲಿಸುವ ಕೆಲಸದಲ್ಲಿ ಎಷ್ಟು ಭಾಗವನ್ನು ಯಂತ್ರಕ್ಕೆ ಒಪ್ಪಿಸಬಹುದು?

ನನ್ನ ಅಂಗಡಿಗೆ ಸಮೀಪದ ನರ್ಸರಿಯೊಂದರಲ್ಲಿ ಕೆಲಸ ಮಾಡುವವರೊಬ್ಬರ ಮಗಳು ಆಗ ಆರನೆಯ ತರಗತಿಯಲ್ಲಿದ್ದಳು. ಮನೆಯಲ್ಲಿ ಇದ್ದದ್ದು ಒಂದೇ ಸಾದಾ ಫೋನು. ಜುಲೈ ತಿಂಗಳಲ್ಲಿ ನಾನು ಒಂದು ಸ್ಮಾರ್ಟ್‌ಫೋನನ್ನು ಕೊಂಡು ಅವಳಿಗೆ ಕೊಟ್ಟೆ. ಪ್ರತಿ ತಿಂಗಳ ರೀಚಾರ್ಜಿನ ಹೊಣೆಯನ್ನೂ ವಹಿಸಿಕೊಂಡೆ. ಮುಚ್ಚಿಡದೆ ಹೇಳುವುದಾದರೆ, ಮುಂದೆ ಸಮಾಜದ ಸಭೆಯೊಂದರಲ್ಲಿ ಈ ದಾನವನ್ನು ಹೇಳಿಕೊಂಡು ಮೆಚ್ಚುಗೆಯನ್ನೂ ಪಡೆದೆ. ಹುಡುಗಿ ದಿನವೂ ಪಾಠ ಕೇಳುತ್ತಿದ್ದಳು. ಮನೆಗೆಲಸವನ್ನು ಬರೆದು ಫೋಟೋ ತೆಗೆದು ಕಳುಹಿಸುತ್ತಿದ್ದಳು. ಅದಕ್ಕೆ ಉತ್ತರವಾಗಿ ಮೇಲೆತ್ತಿದ ಹೆಬ್ಬೆರಳಿನ ಚಿಹ್ನೆ ಬರುತ್ತಿತ್ತು.

2021ರ ಆರಂಭದಲ್ಲಿ ಒಂದು ಸಂಜೆ ಅವಳು ಅಂಗಡಿಗೆ ಬಂದಿದ್ದಳು. ಎದುರಿಗೆ ಆರು ದಪ್ಪ ರಿಜಿಸ್ಟರುಗಳ ಒಂದು ಕಟ್ಟಿತ್ತು. ಕಟ್ಟಿನ ಬೆಲೆ 612 ರೂಪಾಯಿ. ಒಂದಕ್ಕೆ ಎಷ್ಟಾಯಿತು ಎಂದು ವಿನೋದಕ್ಕೆ ಕೇಳಿದೆ. ಅವಳು ಕಾಗದದ ಚೂರಿನ ಮೇಲೆ ಭಾಗಿಸಿ, "ಹನ್ನೆರಡು ರೂಪಾಯಿ, ತಾತ" ಎಂದಳು. ಹೇಗೆ ಬಂತು ಎಂದೆ. ಆರರಲ್ಲಿ ಆರು ಒಂದು ಸಲ. ಒಂದರಲ್ಲಿ ಆರು ಹೋಗುವುದಿಲ್ಲ, ಎರಡನ್ನು ಇಳಿಸಿಕೊಂಡರೆ ಹನ್ನೆರಡು, ಅದರಲ್ಲಿ ಆರು ಎರಡು ಸಲ. ಕ್ರಮವೆಲ್ಲ ಸರಿಯಾಗಿಯೇ ಇತ್ತು. ಹೋಗದಿದ್ದ ಕಡೆ ಸೊನ್ನೆಯೊಂದನ್ನು ಇಡಬೇಕೆಂಬುದು ಮಾತ್ರ ಅವಳಿಗೆ ತಿಳಿದಿರಲಿಲ್ಲ. ಆ ಪಾಠದ ದಿನ ಇಂಟರ್ನೆಟ್ ಕಡಿದು ಹೋಗಿತ್ತಂತೆ. ಅಂಥ ಲೆಕ್ಕಗಳು ಬಂದಾಗ ಗೆಳತಿಯರು ಗುಂಪಿನಲ್ಲಿ ಹಾಕಿದ ಉತ್ತರವನ್ನು ನೋಡಿ ಬರೆದು ಕಳುಹಿಸುತ್ತಿದ್ದಳಂತೆ. ತಿಂಗಳುಗಟ್ಟಲೆ ಆ ಸೊನ್ನೆ ಇಲ್ಲದಿರುವುದನ್ನು ಯಾರೂ ನೋಡಿರಲಿಲ್ಲ. ಶಿಕ್ಷಕಿಯನ್ನು ನಾನು ದೂರಲಾರೆ. ಅಷ್ಟೊಂದು ಮಕ್ಕಳ ಬರಹದ ಚಿತ್ರಗಳು ಒಂದು ಅಂಗೈಯಗಲದ ಪರದೆಯ ಮೇಲೆ ಬಂದು ಬೀಳುವಾಗ ಯಾರೇ ಆದರೂ ಏನು ಮಾಡಿಯಾರು?

ನಾನು ಉತ್ತರ ಹೇಳಲಿಲ್ಲ. "ಹನ್ನೆರಡು ರೂಪಾಯಿಯಂತೆ ಆರು ಪುಸ್ತಕಕ್ಕೆ ಎಷ್ಟಾಗುತ್ತದೆ ಮಗು?" ಎಂದಷ್ಟೇ ಕೇಳಿದೆ. ಎಪ್ಪತ್ತೆರಡು ಎಂದವಳೇ ಸುಮ್ಮನಾದಳು. 612 ಎಂಬ ಅಂಕಿಯನ್ನೂ 72 ಎಂಬ ಅಂಕಿಯನ್ನೂ ಮತ್ತೆಮತ್ತೆ ನೋಡಿದಳು. ಎರಡು ಮೂರು ಸಲ ಹೊಡೆದುಹಾಕಿ ಬರೆದು ಕೊನೆಗೆ ತಾನೇ 102 ಎಂದಳು. ಅದಕ್ಕೆ ತಗುಲಿದ ಹೊತ್ತು ಹತ್ತು ನಿಮಿಷವಿರಬಹುದು. ನಾನು ಕೊಟ್ಟ ಫೋನು ಏಳು ತಿಂಗಳಲ್ಲಿ ಮಾಡಲಾಗದೆ ಹೋದದ್ದು ಆ ಹತ್ತು ನಿಮಿಷಗಳಲ್ಲಿ ನಡೆಯಿತು. ಸಭೆಯಲ್ಲಿ ಪಡೆದ ಮೆಚ್ಚುಗೆ ನೆನಪಾಗಿ ನಾಚಿಕೆಯಾಯಿತು.

ಒಂದು ಮಗುವಿನ ಒಂದು ಸೊನ್ನೆಯಿಂದ ಸಿದ್ಧಾಂತ ಕಟ್ಟಬಾರದೆಂದು ನಾನು ಬಲ್ಲೆ. ಆದರೆ ಆ ಕಾಲದ ನಷ್ಟ ಒಂದು ಮನೆಯದಲ್ಲ. ಗ್ರಾಮೀಣ ಭಾರತದ ಮಕ್ಕಳ ಕಲಿಕೆಯನ್ನು ಅಳೆಯುವ 'ಅಸರ್' ವರದಿಯ ಪ್ರಕಾರ, ಮೂರನೆಯ ತರಗತಿಯಲ್ಲಿದ್ದು ಎರಡನೆಯ ತರಗತಿಯ ಪಾಠವನ್ನು ಓದಬಲ್ಲ ಮಕ್ಕಳು 2018ರಲ್ಲಿ ಶೇಕಡ 27.3ರಷ್ಟಿದ್ದರು, 2022ರಲ್ಲಿ ಶೇಕಡ 20.5ಕ್ಕೆ ಇಳಿದಿದ್ದರು. ಪಾಠಗಳು ಆಕಾಶದಲ್ಲಿ ಸಂಚರಿಸಿದವು. ಮಗುವಿನ ಬಳಿ ಕುಳಿತು ಓದಿಸುವವರು ಇರಲಿಲ್ಲ.

ಇದರಿಂದ ಯಂತ್ರವೇ ಕೆಟ್ಟದ್ದೆಂದು ತೀರ್ಮಾನಿಸಿದರೆ ಅದು ಏಕಾಂತವಾದವಾದೀತು. ಬರವಣಿಗೆಯೂ ಒಂದು ಕಾಲಕ್ಕೆ ಹೊಸ ತಂತ್ರವೇ ಆಗಿತ್ತು. ಕಿವಿಯಿಂದ ಕಿವಿಗೆ ಬಂದ ಶ್ರುತವು ಮರೆತುಹೋದೀತೆಂಬ ಆತಂಕದಿಂದ ಅದನ್ನು ಅಕ್ಷರಕ್ಕಿಳಿಸಿದ ದಿನವನ್ನು ನಾವು ಇಂದಿಗೂ ಜ್ಯೇಷ್ಠ ಶುಕ್ಲ ಪಂಚಮಿಯಂದು ಶ್ರುತಪಂಚಮಿಯಾಗಿ ಆಚರಿಸುತ್ತೇವೆ. ಹತ್ತನೆಯ ಶತಮಾನದಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳು; ಓಲೆಗರಿ ಮತ್ತು ಕಂಠಗಳ ಕಾಲದಲ್ಲಿ ಅದೊಂದು ಮುದ್ರಣಾಲಯವೇ ಸರಿ. ಮೂಡುಬಿದಿರೆಯ ಬಸದಿಯಲ್ಲಿ ಶತಮಾನಗಳ ಕಾಲ ಓಲೆಗಳಲ್ಲಿ ಉಳಿದಿದ್ದ ಧವಲಾ ಗ್ರಂಥದ ಮೊದಲ ಸಂಪುಟ 1939ರಲ್ಲಿ ಅಚ್ಚಾಗಿ ಬಂದ ಮೇಲೆಯೇ ನನ್ನಂಥ ಸಾಮಾನ್ಯ ಶ್ರಾವಕನಿಗೆ ಅದರ ಪರಿಚಯ ಸಾಧ್ಯವಾಯಿತು. ಜ್ಞಾನವನ್ನು ಉಳಿಸುವ, ಹರಡುವ ಉಪಕರಣವನ್ನು ನಿಂದಿಸುವ ಅಧಿಕಾರ ನಮಗಿಲ್ಲ.

ಆಧುನಿಕ ಕಾಲದಲ್ಲಿಯೂ ಇಂಥ ಪ್ರಯತ್ನಗಳಿಗೆ ನಮ್ಮ ನಾಡು ಮುಂಚೂಣಿಯಲ್ಲಿದೆ. 1975ರ ಆಗಸ್ಟಿನಿಂದ ಒಂದು ವರ್ಷ ಕಾಲ ಅಮೆರಿಕದ ಉಪಗ್ರಹವೊಂದರ ನೆರವಿನಿಂದ ದೇಶದ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ದೂರದರ್ಶನ ಪಾಠಗಳನ್ನು ತಲುಪಿಸುವ 'ಸೈಟ್' ಪ್ರಯೋಗ ನಡೆದಾಗ ಅಂದಿನ ಬಿಜಾಪುರ, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳ ಹಳ್ಳಿಗಳೂ ಅದರಲ್ಲಿದ್ದವು. ಆ ಮಕ್ಕಳು ಪೆಟ್ಟಿಗೆಯನ್ನು ನೋಡಬಹುದಿತ್ತು. ಪೆಟ್ಟಿಗೆ ಅವರನ್ನು ನೋಡುವಂತಿರಲಿಲ್ಲ. 2004ರ ಸೆಪ್ಟೆಂಬರ್ 20ರಂದು ಶಿಕ್ಷಣಕ್ಕೆಂದೇ ಹಾರಿಸಿದ 'ಎಜುಸ್ಯಾಟ್' ಉಪಗ್ರಹದ ಪಾಠಗಳು ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಕಾಲೇಜುಗಳಿಗೂ ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳಿಗೂ ತಲುಪಿದವು. 2017ರಿಂದ 'ದೀಕ್ಷಾ' ವೇದಿಕೆಯ ಪಾಠಗಳಿವೆ. ಪಠ್ಯಪುಸ್ತಕದಲ್ಲಿ ಅಚ್ಚಾದ ಚೌಕಾಕಾರದ ಚಿಹ್ನೆಗೆ ಫೋನನ್ನು ಹಿಡಿದರೆ ಅವು ತೆರೆದುಕೊಳ್ಳುತ್ತವೆ. ಪ್ರತಿ ಹೆಜ್ಜೆಯಲ್ಲಿಯೂ ಪಾಠವು ಇನ್ನಷ್ಟು ದೂರಕ್ಕೆ, ಇನ್ನಷ್ಟು ಅಗ್ಗವಾಗಿ, ಇನ್ನಷ್ಟು ಮಂದಿಗೆ ತಲುಪಿದೆ. ಆದರೆ ಗುರುವಿನಿಂದ ಶಿಷ್ಯನಿಗೆ ಹೋಗುವ ದಾರಿ ರಾಜಮಾರ್ಗವಾದಷ್ಟು ಶಿಷ್ಯನ ತಪ್ಪು ಗುರುವಿಗೆ ಕಾಣುವ ದಾರಿ ಅಗಲವಾಗಲಿಲ್ಲ. ಎಲ್ಲ ಬದಲಾವಣೆಗಳ ನಡುವೆ ನಾವು ಗಮನಿಸಬೇಕಾದುದು ಇದನ್ನು.

ಈ ಎರಡನೆಯ ದಾರಿಯ ಮಹತ್ವವನ್ನು ತಿಳಿಯಲು ಧರಸೇನಾಚಾರ್ಯರ ವೃತ್ತಾಂತವನ್ನು ಸ್ಮರಿಸಬೇಕು. ಗಿರಿನಗರದ ಚಂದ್ರಗುಹೆಯಲ್ಲಿದ್ದ ಆ ವೃದ್ಧ ಆಚಾರ್ಯರು ತಮ್ಮೊಂದಿಗೇ ಶ್ರುತವು ಅಳಿಯಬಾರದೆಂದು ದಕ್ಷಿಣದ ಮುನಿಸಂಘಕ್ಕೆ ಪತ್ರ ಕಳುಹಿಸಿ ಇಬ್ಬರು ಶಿಷ್ಯರನ್ನು ಕರೆಸಿಕೊಂಡರು. ಕಾಲ ಕಡಿಮೆಯಿತ್ತು. ಆದರೂ ಅವರು ಬಂದ ಕೂಡಲೇ ಪಾಠ ಆರಂಭಿಸಲಿಲ್ಲ. ಒಬ್ಬೊಬ್ಬರಿಗೂ ಒಂದೊಂದು ಮಂತ್ರವನ್ನು ಕೊಟ್ಟು ಸಾಧಿಸಿ ಬನ್ನಿರೆಂದರು. ಒಂದರಲ್ಲಿ ಒಂದಕ್ಷರ ಹೆಚ್ಚಿತ್ತು, ಇನ್ನೊಂದರಲ್ಲಿ ಒಂದಕ್ಷರ ಕಡಿಮೆಯಿತ್ತು. ಉಪವಾಸವಿದ್ದು ಸಾಧಿಸಿದಾಗ ಒಬ್ಬರಿಗೆ ಹಲ್ಲುಬ್ಬಿದ ದೇವತೆಯೂ ಇನ್ನೊಬ್ಬರಿಗೆ ಒಂಟಿಕಣ್ಣಿನ ದೇವತೆಯೂ ಕಾಣಿಸಿದರು. ದೇವತೆಗಳು ವಿಕಾರರೂಪರಾಗಿರುವುದು ಸಹಜವಲ್ಲ, ಆದುದರಿಂದ ತಮ್ಮ ಮಂತ್ರದಲ್ಲಿಯೇ ದೋಷವಿರಬೇಕೆಂದು ಆ ಮುನಿಗಳು ಊಹಿಸಿದರು; ವ್ಯಾಕರಣದ ಬಲದಿಂದ ಹೆಚ್ಚಿನದನ್ನು ತೆಗೆದು, ಕೊರತೆಯನ್ನು ತುಂಬಿ ಮತ್ತೆ ಜಪಿಸಿದರು. ದೇವತೆಗಳು ಸಹಜರೂಪದಲ್ಲಿ ಕಾಣಿಸಿದರು. ಅನಂತರವೇ ಆಚಾರ್ಯರು ಪಾಠವನ್ನು ಆರಂಭಿಸಿದರು. ಆ ಇಬ್ಬರೇ ಪುಷ್ಪದಂತ, ಭೂತಬಲಿ ಎಂಬ ಹೆಸರುಗಳಿಂದ ಷಟ್ಖಂಡಾಗಮವನ್ನು ರಚಿಸಿದವರು.

ಇಲ್ಲಿ ಎರಡು ಅಂಶಗಳು ಮನನೀಯ. ಶ್ರುತವನ್ನು ಬರವಣಿಗೆಗೆ ಒಪ್ಪಿಸುವ ಮೊದಲು ಅದನ್ನು ಒಪ್ಪಿಸಿಕೊಳ್ಳುವವರ ವಿವೇಕವನ್ನು ಆಚಾರ್ಯರು ಪರೀಕ್ಷಿಸಿದರು. ಪರೀಕ್ಷಿಸಿದ್ದು ಕೂಡ ಅವರ ಜ್ಞಾಪಕಶಕ್ತಿಯನ್ನಲ್ಲ. ಗುರುವೇ ಕೊಟ್ಟುದಾದರೂ ತಪ್ಪು ತಪ್ಪೆಂದು ಅರಿಯುವ, ಫಲದಿಂದ ಹಿಂದಕ್ಕೆ ನಡೆದು ಮೂಲದ ದೋಷವನ್ನು ಕಂಡುಕೊಳ್ಳುವ ಶಕ್ತಿಯನ್ನು. 72 ಎಂಬ ವಿಕಾರವಾದ ಉತ್ತರವನ್ನು ಕಂಡು ಬಿಟ್ಟುಹೋದ ಸೊನ್ನೆಯನ್ನು ಹುಡುಕಿದ ಆ ಹುಡುಗಿ ಮಾಡಿದ್ದೂ ಸಣ್ಣ ಪ್ರಮಾಣದಲ್ಲಿ ಇದನ್ನೇ.

ನನ್ನ ವೃತ್ತಿಯಿಂದಲೂ ಒಂದು ನಿದರ್ಶನ ಕೊಡಬಹುದು. ನಾನು ಬಿ.ಕಾಂ. ಓದುತ್ತಿದ್ದಾಗ ಲೆಕ್ಕಶಾಸ್ತ್ರವೆಂದರೆ ಪುಟದುದ್ದದ ಅಂಕಿಗಳನ್ನು ಕೈಯಲ್ಲಿ ಕೂಡುವುದು. ತಾಳೆಪಟ್ಟಿಯ ಎರಡು ಬದಿಗಳು ಸರಿಹೊಂದದಿದ್ದರೆ ನಮ್ಮ ಅಧ್ಯಾಪಕರು ತಪ್ಪನ್ನು ತೋರಿಸುತ್ತಿರಲಿಲ್ಲ. ವ್ಯತ್ಯಾಸವನ್ನು ವಿಚಾರಿಸು ಎನ್ನುತ್ತಿದ್ದರು. ವ್ಯತ್ಯಾಸವು ಒಂಬತ್ತರಿಂದ ನಿಶ್ಶೇಷವಾಗಿ ಭಾಗವಾದರೆ 63ನ್ನು 36 ಎಂದು ಬರೆದಂತೆ ಅಂಕಿಗಳು ಅದಲುಬದಲಾಗಿರಬಹುದು. ವ್ಯತ್ಯಾಸದ ಅರ್ಧ ಮೊತ್ತ ಎಲ್ಲಿಯಾದರೂ ಇದ್ದರೆ ಜಮೆಯ ಬದಿಗೆ ಹೋಗಬೇಕಾದುದು ಖರ್ಚಿನ ಬದಿಗೆ ಹೋಗಿರಬಹುದು. ಹೀಗೆ ಹುಡುಕುವಾಗ ಲೆಕ್ಕದ ಒಳಗುಟ್ಟು ತಿಳಿಯುತ್ತಿತ್ತು.

1986ರಲ್ಲಿ ನಮ್ಮ ಬೆಂಗಳೂರಿನಲ್ಲಿಯೇ ಗೋಯೆಂಕಾ ತಂದೆಮಕ್ಕಳು ಆರಂಭಿಸಿದ ಸಂಸ್ಥೆಯಿಂದ ಬಂದ 'ಟ್ಯಾಲಿ' ತಂತ್ರಾಂಶವು ವರ್ತಕರನ್ನು ಈ ಕಷ್ಟದಿಂದ ಪಾರುಮಾಡಿತು. ಅದನ್ನು ಬಳಸಿ ನಾನೂ ಉಪಕೃತನಾಗಿದ್ದೇನೆ. ವರ್ಷಾಂತ್ಯದ ನಿದ್ದೆಗೆಟ್ಟ ರಾತ್ರಿಗಳು ಮರಳಿ ಬರಲೆಂದು ಹಾರೈಸುವ ವರ್ತಕ ಯಾರೂ ಇರಲಾರ. ಆದರೆ ವಾಣಿಜ್ಯ ವಿದ್ಯಾರ್ಥಿ ಈಗ ಮೊದಲು ಯಂತ್ರವನ್ನು ಕಲಿತು, ಲೆಕ್ಕಶಾಸ್ತ್ರವನ್ನು ಆಮೇಲೆ ಕಲಿಯುತ್ತಾನೆ. ಕೆಲವೊಮ್ಮೆ ಕಲಿಯುವುದೇ ಇಲ್ಲ. ಅಂಗಡಿಯ ಸುಣ್ಣಬಣ್ಣದ ಖರ್ಚನ್ನು ಕಟ್ಟಡದ ಖಾತೆಗೆ ಬರೆದರೂ, ಒಂದು ಬಿಲ್ಲನ್ನು ಸಂಪೂರ್ಣವಾಗಿ ಬಿಟ್ಟರೂ ತಾಳೆಪಟ್ಟಿ ಸರಿಹೊಂದಿಯೇ ಹೊಂದುತ್ತದೆ. ತಾಳೆ ಸರಿಹೊಂದಿತೆಂದ ಮಾತ್ರಕ್ಕೆ ಲೆಕ್ಕ ಸರಿಯೆಂದಲ್ಲ ಎಂಬುದು ನಮ್ಮ ಶಾಸ್ತ್ರದ ಮೊದಲ ಪಾಠ. ನನ್ನ ಬಳಿ ಕೆಲಸಕ್ಕೆ ಬಂದ ತರುಣರಲ್ಲಿ ಅನೇಕರು, ಕಂಪ್ಯೂಟರು ಸರಿಯೆಂದು ತೋರಿಸುತ್ತಿರುವಾಗ ತಪ್ಪೆಲ್ಲಿ ಎಂದು ನನ್ನನ್ನೇ ಕೇಳಿದ್ದುಂಟು.

ಈಗ ಇನ್ನೊಂದು ಘಟ್ಟಕ್ಕೆ ಬಂದಿದ್ದೇವೆ. 2022ರ ಕೊನೆಯಿಂದ, ಕೇಳಿದ ಪ್ರಶ್ನೆಗೆಲ್ಲ ವಾಕ್ಯರೂಪದಲ್ಲಿ ಉತ್ತರಿಸುವ ಕೃತಕ ಬುದ್ಧಿಮತ್ತೆಯ ಯಂತ್ರಗಳು ವಿದ್ಯಾರ್ಥಿಗಳ ಕೈಗೆ ಬಂದಿವೆ. ಅಪಾರ ಪ್ರಮಾಣದ ಬರಹಗಳನ್ನು ಜೀರ್ಣಿಸಿಕೊಂಡು, ಒಂದು ಪದದ ಮುಂದೆ ಯಾವ ಪದ ಬರುವ ಸಂಭವ ಹೆಚ್ಚೆಂದು ಲೆಕ್ಕ ಹಾಕುತ್ತ ಅವು ವಾಕ್ಯ ಕಟ್ಟುತ್ತವೆ. ಆದುದರಿಂದ ಅವುಗಳ ತಪ್ಪೂ ಸರಿಯಷ್ಟೇ ನಯವಾಗಿರುತ್ತದೆ. ಕನ್ನಡದ ಬರಹ ಅಂತರ್ಜಾಲದಲ್ಲಿ ಇಂಗ್ಲಿಷಿನಷ್ಟು ಇಲ್ಲವಾದುದರಿಂದ ನಮ್ಮ ವಿಷಯಗಳಲ್ಲಿ ಎಚ್ಚರ ಇನ್ನೂ ಹೆಚ್ಚು ಬೇಕು. ನನ್ನ ಮೊಮ್ಮಗ ಶಾಲೆಯ ಪ್ರಬಂಧವೊಂದನ್ನು ಇಂಥ ಯಂತ್ರದಿಂದ ಬರೆಯಿಸಿ ತಂದು ತೋರಿಸಿದ. ಭಾಷೆ ಸೊಗಸಾಗಿತ್ತು. ಅದರಲ್ಲಿ ಅತ್ತಿಮಬ್ಬೆ ರನ್ನನ ಅಜಿತಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿದಳೆಂದಿತ್ತು. ರನ್ನನು ಅವಳ ಆಶ್ರಯದಲ್ಲಿ ಅಜಿತಪುರಾಣವನ್ನು ಬರೆದುದು ನಿಜ. ಸಾವಿರ ಪ್ರತಿಗಳು ಪೊನ್ನನ ಕೃತಿಯವು. ಎರಡು ಸತ್ಯಗಳನ್ನು ಬೆಸೆದು ಒಂದು ಅಸತ್ಯವನ್ನು ಯಂತ್ರ ಮಾಡಿಟ್ಟಿತ್ತು. ನಾನು ಹೇಳದಿದ್ದರೆ ಹುಡುಗನಿಗೆ ಅದು ತಿಳಿಯುತ್ತಿರಲಿಲ್ಲ. ಪ್ರಬಂಧದಲ್ಲಿ ಏನಿದೆಯೆಂದು ಕೇಳಿದರೆ ಅವನಿಗೆ ಹೇಳಲೂ ಬರಲಿಲ್ಲ.

ಸ್ವಾಧ್ಯಾಯಕ್ಕೆ ವಾಚನೆ, ಪೃಚ್ಛನೆ, ಅನುಪ್ರೇಕ್ಷೆ, ಆಮ್ನಾಯ, ಧರ್ಮೋಪದೇಶವೆಂಬ ಐದು ಅಂಗಗಳನ್ನು ಹೇಳುತ್ತಾರೆ. ವಾಚನೆಗೆ ಯಂತ್ರ ನೆರವಾಗಿದೆ. ಪುನಃಪುನಃ ಕೇಳಿ ಒಪ್ಪಿಸುವ ಆಮ್ನಾಯಕ್ಕೂ ನೆರವಾಗಿದೆ. ಪ್ರಶ್ನೆ ಕೇಳುವ ಪೃಚ್ಛನೆಗೆ ಕೂಡ ಈಗ ಅದು ಕಿವಿಗೊಡುತ್ತದೆ. ಆದರೆ ತಿಳಿದುದನ್ನು ಮನಸ್ಸಿನಲ್ಲಿ ತಿರುವಿ ಹಾಕುವ ಅನುಪ್ರೇಕ್ಷೆಯನ್ನು ಒಬ್ಬರ ಪರವಾಗಿ ಇನ್ನೊಬ್ಬರು ಮಾಡಲಾಗದು, ಯಂತ್ರವಂತೂ ಮಾಡಲಾಗದು. ತನ್ನ ತಪ್ಪು ತನಗೆ ಕಾಣುವುದು ಅಲ್ಲಿಯೇ.

ಇದು ಮುದುಕನೊಬ್ಬನ ಗೊಣಗಾಟವೆಂದು ತರುಣ ಓದುಗರು ಭಾವಿಸಬಹುದು. ಅವರ ಪಕ್ಷದಲ್ಲಿಯೂ ಬಲವಾದ ವಾದವುಂಟು. ನಮ್ಮ ಕಾಲದ ಎಲ್ಲ ಗುರುಗಳೂ ಧರಸೇನರಾಗಿರಲಿಲ್ಲ. ತಪ್ಪನ್ನು ಕಂಡರೆ ಬೆತ್ತ ಹಿಡಿಯುವವರಿದ್ದರು. ದಡ್ಡನೆಂದು ಹೆಸರಿಟ್ಟು ಮೂಲೆಗೆ ಕಳುಹಿಸುವವರಿದ್ದರು. ಆ ಭಯದಿಂದ ತಪ್ಪನ್ನು ಮುಚ್ಚಿಡುವುದನ್ನೇ ಕಲಿತ ಮಕ್ಕಳು ನನ್ನ ತರಗತಿಯಲ್ಲಿ ಹಲವರಿದ್ದರು; ಕೆಲವರು ಶಾಲೆಯನ್ನೇ ಬಿಟ್ಟರು. ಯಂತ್ರಕ್ಕೆ ಕ್ರೋಧವಿಲ್ಲ. ಅದೇ ಪ್ರಶ್ನೆಯನ್ನು ಹತ್ತು ಸಲ ಕೇಳಿದರೂ ಅದು ಮುಖ ಸಿಂಡರಿಸುವುದಿಲ್ಲ. ಕಣ್ಣು ಕಾಣದ ವಿದ್ಯಾರ್ಥಿಗೆ ಪುಸ್ತಕವನ್ನು ಓದಿ ಹೇಳುತ್ತದೆ. ಗಣಿತದ ಶಿಕ್ಷಕರೇ ಇಲ್ಲದ ಊರಿನ ಮಗುವಿಗೆ ಅದೇ ಏಕೈಕ ಆಸರೆ. ಮಗುವಿನ ಮನಸ್ಸನ್ನು ನೋಯಿಸುವ ಮಾನವ ಗುರುವಿಗಿಂತ ನೋಯಿಸದ ಯಂತ್ರ ಲೇಸೆಂದು ಯಾರಾದರೂ ಹೇಳಿದರೆ ಅಹಿಂಸೆಯನ್ನು ನಂಬಿದ ನಾನು ಸುಲಭವಾಗಿ ಪ್ರತಿವಾದ ಹೂಡಲಾರೆ.

ಆದರೂ ಒಂದು ವಿವೇಚನೆಯನ್ನು ಮಾಡಬೇಕು. ತಪ್ಪನ್ನು ಕಂಡು ದಂಡಿಸುವುದು ಬೇರೆ, ತಪ್ಪನ್ನು ಕಾಣದೆಯೇ ಹೋಗುವುದು ಬೇರೆ. ಇವೆರಡರ ನಡುವೆ, ಕಂಡು ಕಾಯುವುದೆಂಬ ಮೂರನೆಯದೊಂದುಂಟು. ಮಗು ತಾನಾಗಿ ಕಂಡುಕೊಳ್ಳುವವರೆಗೆ ಬಳಿಯಲ್ಲಿ ಕುಳಿತಿರುವ ಆ ತಾಳ್ಮೆಗೆ ದೊಡ್ಡ ಪಾಂಡಿತ್ಯ ಬೇಡ. ಐದನೆಯ ತರಗತಿಯ ಭಾಗಾಕಾರ ಬಲ್ಲ ಯಾರೂ ಅದನ್ನು ಮಾಡಬಹುದು. ಯಂತ್ರದಿಂದ ಉಳಿದ ಸಮಯವನ್ನು ಇದಕ್ಕೆ ಕೊಟ್ಟರೆ ಯಂತ್ರ ಉಪಕಾರಿ; ಯಂತ್ರವಿದೆಯೆಂಬ ನೆಪದಿಂದ ಎದ್ದುಹೋದರೆ ದೋಷ ಎದ್ದುಹೋದ ನಮ್ಮದು.

ಆದುದರಿಂದ ನನ್ನ ಅಲ್ಪ ಅನುಭವದ ಮೇಲೆ ಮೂರು ಸೂಚನೆಗಳನ್ನು ಸುಜ್ಞ ಓದುಗರ ಮುಂದಿಡುತ್ತೇನೆ. ಒಂದನೆಯದಾಗಿ, ವಿದ್ಯಾರ್ಥಿಗೆ ಉಪಕರಣವನ್ನು ದಾನ ಮಾಡುವವರು ಅದರ ಜೊತೆಗೆ ಒಬ್ಬ ಮನುಷ್ಯನನ್ನೂ ಒದಗಿಸಬೇಕು. ಸಮಾಜದ ಸಂಸ್ಥೆಯೊಂದು ಹತ್ತು ಲ್ಯಾಪ್‌ಟಾಪ್ ಹಂಚುವುದಾದರೆ, ವಾರಕ್ಕೊಂದು ಗಂಟೆ ಆ ಹತ್ತು ಮಕ್ಕಳ ಬಳಿ ಕುಳಿತುಕೊಳ್ಳಲು ನಿವೃತ್ತರಾದ ಇಬ್ಬರನ್ನು ಗೊತ್ತುಪಡಿಸುವುದು ಅಸಾಧ್ಯವೇನಲ್ಲ. ಎರಡನೆಯದಾಗಿ, ಮನೆಯಲ್ಲಿ ಕ್ರಮವನ್ನು ಕಾಪಾಡಬೇಕು: ಮೊದಲು ಮಗುವಿನ ಸ್ವಂತ ಪ್ರಯತ್ನ, ಆಮೇಲೆ ಯಂತ್ರದ ಉತ್ತರ, ಅನಂತರ ಎರಡನ್ನೂ ಹೋಲಿಸುವುದು. ಮೂರನೆಯದಾಗಿ, ಉತ್ತರ ಸರಿಯಾಗಿದ್ದಾಗಲೂ ಅದು ಹೇಗೆ ಬಂತೆಂದು ಕೇಳಬೇಕು. ತಪ್ಪಾದಾಗ ಮಾತ್ರ ಕೇಳಿದರೆ ಪ್ರಶ್ನೆಯೇ ಶಿಕ್ಷೆಯೆಂದು ಮಗು ತಿಳಿಯುತ್ತದೆ.

ಆ ಸಂಜೆಯ ನಂತರ ನನ್ನ ಅಂಗಡಿಯ ಒಳಗಡೆ ಒಂದು ಬೆಂಚು ಬಂದಿತು. ಸಂಜೆ ಅರ್ಧ ಗಂಟೆ ಮೂರು ನಾಲ್ಕು ಮಕ್ಕಳು ಬಂದು ಕೂರುತ್ತಾರೆ. ಫೋನನ್ನೂ ತರುತ್ತಾರೆ, ನಾನು ಬೇಡವೆನ್ನುವುದಿಲ್ಲ. ಆ ಹುಡುಗಿ ಈಗ ದೊಡ್ಡವಳಾಗಿದ್ದಾಳೆ. ಇತ್ತೀಚೆಗೆ ಅವಳು ಕೊಂಡ ಸಾಮಾನುಗಳಿಗೆ ಕಂಪ್ಯೂಟರಿನಲ್ಲಿ ಬಿಲ್ಲು ಮಾಡಿಕೊಟ್ಟೆ. ಅದನ್ನು ಒಮ್ಮೆ ನೋಡಿ, ಮನಸ್ಸಿನಲ್ಲಿಯೇ ಕೂಡಿ, "ತಾತ, ಜಾಮೆಟ್ರಿ ಬಾಕ್ಸ್ ಎರಡು ಸಲ ಬಂದಿದೆ" ಎಂದಳು. ಯಂತ್ರ ಕೂಡಿದ್ದು ಸರಿಯಾಗಿಯೇ ಇತ್ತು. ಒಂದೇ ವಸ್ತುವನ್ನು ಎರಡು ಸಲ ಕೊಟ್ಟವನು ನಾನು. ಹಣ ಹಿಂದಿರುಗಿಸಿದೆ. ನಾನು ಕೊಟ್ಟಿದ್ದ ಫೋನು ಎಂದೋ ಕೆಟ್ಟು ಮೂಲೆ ಸೇರಿದೆಯಂತೆ. ಆ ಕಟ್ಟಿನ ಲೆಕ್ಕವನ್ನು ಮಾತ್ರ ಅವಳು ಮರೆತಿಲ್ಲ.